ಖಾನಾವಳಿಯ ಮೂವತ್ತಮೂರು ತಾಟು

ಜೇವರ್ಗಿ
14 ಸೆಪ್ಟೆಂಬರ್ 2025

ಅಣ್ಣಾ ಕಲ್ಲಿನಾಥ,

ನಿನ್ನ ತಂಗಿ ಸುಂದರಬಾಯಿಯ ಶರಣಾರ್ಥಿ. ನೀ ಮಟಕಿ ಊರಾಗ ಆರಾಮ ಇದ್ದಿ ಅಂತ ನಿನ್ನ ಮನೀಯವರು, ಮಾಣಿಕಮ್ಮ ವೈನಿ, ಫೋನಿನ್ಯಾಗ ಹೇಳಿದ್ರು. ಅವರ ಬಾಜೂಕ ಕುಂತು ನೀ ಕೆಮ್ಮಾಕತ್ತಿದ್ದು ನನಗೂ ಕೇಳಿಸ್ತು. ನನ್ನ ಕೂಡ ಮಾತಾಡಂಗಿಲ್ಲ ಅಂತ ಪಂಚಮಿ ದಿನ ದೇವರ ಜಗಲಿ ಮುಂದ ಆಣಿ ಹಾಕೀದಿ, ಬರಿಯಂಗಿಲ್ಲ ಅಂತ ಏನೂ ಹಾಕಿಲ್ಲ. ಅದಕ್ಕ ಈ ಕಾಗದ.

ಅವತ್ತು ನೀ ಆಡಿದ್ದು ನಾ ಮರತಿಲ್ಲ. ಗಂಡ ತೀರಿಕೊಂಡು ಮೂರು ವರ್ಷಾತು, ಮಗಳು ಸುನಿತಾ ಅಫಜಲಪುರಕ್ಕ ಸಂಸಾರ ಹೂಡಿದಳು, ಇನ್ನ ತವರುಮನಿಗೆ ಬಂದು ಕೂಡು ಅಂತ ಕರ್ಯಾಕ ಬಂದಿದ್ದಿ. ನಾ ಖಾನಾವಳಿ ತಗೀತೇನಿ ಅಂದ ಕೂಡ್ಲೇ ನಿನ್ನ ಮಾರಿ ಕೆಂಪಗಾತು. 'ನಮ್ಮ ಮನ್ಯಾಗ ಅನ್ನ ನೀಡ್ತಾರ, ಮಾರಂಗಿಲ್ಲ. ಅದನ್ನ ಮುಚ್ಚೋ ತನಕ ನಿನ್ನ ಕೂಡ ಮಾತಿಲ್ಲ' ಅಂದಿ. ದುಡದು ಉಣ್ಣು ಅಂತ ಹೇಳಿದ ಬಸವಣ್ಣನ ಫೋಟೋ ಎದುರಿಗಿತ್ತಲ್ಲೋ ಮಾರಾಯಾ, ಅವನ ಮುಂದ ಇಂಥಾ ಆಣಿ ಹಾಕಾಕ ನಿನಗ ನಾಚಿಕಿ ಬರಲಿಲ್ಲೇನು?

ಇರಲಿ. ವಿಜಯಪುರ ರೋಡಿಗೆ ಅಜೀಜಾಬಿ ಅವರ ಜಾಗಾ ಕಿರಾಯಿಗೆ ತಗೊಂಡು ಶ್ರಾವಣದಾಗ ಶುರು ಮಾಡೇನಿ. ಕಾಶಿಬಾಯಿ ಅಂತ ಒಬ್ಬಾಕಿ ರೊಟ್ಟಿ ಬಡಿಯಾಕ ಇದ್ದಾಳ. ರೊಟ್ಟಿ, ಎರಡು ಪಲ್ಯ, ಬ್ಯಾಳಿ, ಅನ್ನ, ಶೇಂಗಾ ಹಿಂಡಿ, ಮೊಸರು, ತಾಟಿಗೆ ಎಂಬತ್ತು ರೂಪಾಯಿ. ದಿನಕ್ಕ ಇಪ್ಪತ್ತೆಂಟು ಮಂದಿ ಉಣ್ತಾರ, ಉಂಡವರು ಕೈ ಮುಗದು ಹೋಗ್ತಾರ. ಮಧ್ಯಾಹ್ನ ಗಲ್ಲಾ ತುಂಬ್ತದ. ತಿಂಗಳ ಕಡೀಕ ನೋಡಿದ್ರ ನನ್ನ ಕೈಯಿಂದಾನೇ ರೊಕ್ಕ ಹೋಗಿರ್ತದ. ಎಲ್ಲಿ ಹೋಗ್ತದ ಅನ್ನೋದೇ ತಿಳೀವಲ್ದು.

ಕೈಯಾಗಿನ ಬಂಗಾರದ ಪಾಟ್ಲಿ ಮಾರಿ ತಂದ ರೊಕ್ಕ ಯುಗಾದಿ ತನಕ ಬರ್ತದ. ಅಲ್ಲೀತನಕ ಖಾನಾವಳಿ ತನ್ನ ಖರ್ಚು ತಾನು ಹೊರಲಿಲ್ಲಂದ್ರ ಕೀಲಿ ಹಾಕಿ ಮಟಕಿಗೆ ಬರ್ತೇನಿ, ನಿನ್ನ ಮನಿ ಮೂಲ್ಯಾಗ ಕುಂತು ನೀ ಹಾಕಿದ್ದು ಉಣ್ತೇನಿ. ಆದ್ರ ನನಗ ಆ ಮೂಲಿ ಬ್ಯಾಡ ಅಣ್ಣಾ. ಖರೇನೇ ಬ್ಯಾಡ.

ನಿನ್ನ ತಂಗಿ
ಸುಂದರಬಾಯಿ


ಮಟಕಿ
23 ಸೆಪ್ಟೆಂಬರ್ 2025

ತಂಗಿ ಸುಂದರಬಾಯಿಗೆ,

ನಿನ್ನ ಕಾಗದ ಮುಟ್ಟಿತು. ಕೆಮ್ಮು ಬಂದದ್ದು ಧೂಳಿನಿಂದ. ಅದಕ್ಕೂ ನಿನ್ನ ಫೋನಿಗೂ ಏನೂ ಸಂಬಂಧ ಇಲ್ಲ.

ನಾನು ಮೂವತ್ತೊಂದು ವರ್ಷ ಆಳಂದದಾಗ ಸೊಸಾಯಿಟಿ ಹಿಸಾಬ ಬರೆದವನು. ರೊಕ್ಕ ಎಲ್ಲಿ ಹೋಗುತ್ತದೆ ತಿಳಿಯವಲ್ಲದು ಅಂತ ಯಾರಾದರೂ ಅಂದರೆ ನನಗೆ ರಾತ್ರಿ ನಿದ್ದಿ ಹತ್ತುವುದಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಖಾನಾವಳಿಗೆ ನಾನು ಒಪ್ಪಿದೆ ಅಂತ ತಿಳಿಯಬೇಡ.

ಎರಡು ನೋಟಬುಕ್ ತಗೋ. ಒಂದರಾಗ, ಗಿರಾಕಿ ಬರಲಿ ಬಿಡಲಿ ತಿಂಗಳಾದ ಕೂಡಲೇ ಬಾಗಿಲಿಗೆ ಬಂದು ನಿಲ್ಲುವ ಖರ್ಚು ಬರಿ. ಒಬ್ಬನೂ ಉಣ್ಣದಿದ್ದರೂ ಅಜೀಜಾಬಿಗೆ ಕಿರಾಯಿ ಕೊಡಲೇಬೇಕಲ್ಲ, ಅಂಥವು. ಎರಡನೆಯದರಾಗ, ಒಬ್ಬಾತ ಉಂಡರೆ ಅವನೊಬ್ಬನ ತಾಟಿಗೆ ಎಷ್ಟು ಬೀಳುತ್ತದೆ ಅದನ್ನು ಬರಿ. ಎಂಬತ್ತರಾಗ ತಾಟಿನ ಖರ್ಚು ಕಳೆ. ಉಳಿದದ್ದು ನಿನ್ನ ಲಾಭ ಅಲ್ಲ, ಅದು ಮೊದಲನೇ ನೋಟಬುಕ್ಕಿನ ಖರ್ಚು ತೀರಿಸಲಿಕ್ಕೆ ಹೋಗುವ ರೊಕ್ಕ. ಎಷ್ಟು ತಾಟಿಗೆ ಅದು ಪೂರಾ ತೀರುತ್ತದೋ ಅಲ್ಲಿಗೆ ಸಮಾಸಮ. ಬ್ಯಾಂಕಿನವರು ಬ್ರೇಕ್ ಈವನ್ ಅನ್ನುತ್ತಿದ್ದರು. ಅದರ ಮುಂದಿನ ತಾಟಿನಿಂದ ಲಾಭ. ಅದಕ್ಕಿಂತ ಒಂದು ತಾಟು ಕಡಿಮೆ ಇದ್ದರೂ ನಿನ್ನ ಪಾಟ್ಲಿ ಕರಗುತ್ತದೆ.

ಬರೆದು ಕಳಿಸು.

ಕಲ್ಲಿನಾಥ


ಜೇವರ್ಗಿ
6 ಅಕ್ಟೋಬರ್ 2025

ಅಣ್ಣಾ,

ಬರದೇನಿ, ನೋಡ್ಕೋ. ಕಿರಾಯಿ ಎಂಟು ಸಾವಿರ, ಕಾಶಿಬಾಯಿ ಪಗಾರ ಒಂಬತ್ತು ಸಾವಿರ, ಭಾಂಡೆ ತಿಕ್ಕಾಕಿಗೆ ಐದು, ಲೈಟು ನೀರು ಎರಡು. ಒಟ್ಟು ಇಪ್ಪತ್ತನಾಕು ಸಾವಿರ. ಸೋಮವಾರ ಬಂದ್ ಇಡ್ತೇನಿ, ಹಬ್ಬ ಹುಣ್ಣಿವಿ ಬಿಟ್ರ ತಿಂಗಳಿಗೆ ಇಪ್ಪತ್ತೈದು ದಿನ. ತಾಟಿಗೆ ಮೂವತ್ತೆಂಟು ಬೀಳ್ತದ, ನಲವತ್ತೆರಡು ಉಳೀತದ. ನೀ ಹೇಳಿದಂಗ ಭಾಗಿಸಿದ್ರ ದಿನಕ್ಕ ಇಪ್ಪತ್ತಮೂರು ತಾಟು ಸಾಕು. ನಂದು ಇಪ್ಪತ್ತೆಂಟು ಹೋಗ್ತಾವ! ಹಂಗಾದ್ರ ನಾ ಲಾಭದಾಗ ಇದ್ದೇನಿ. ಮತ್ತ ಗಲ್ಲಾ ಯಾಕ ಬರಿದು? ನಿನ್ನ ಹಿಸಾಬದಾಗೇ ಏನೋ ಮೋಸ ಅದ.

ಸುಂದರಬಾಯಿ


ಮಟಕಿ
14 ಅಕ್ಟೋಬರ್ 2025

ತಂಗಿಗೆ,

ಹಿಸಾಬ ಮೋಸ ಮಾಡುವುದಿಲ್ಲ. ತಾಟಿಗೆ ಎಷ್ಟು ರೊಟ್ಟಿ ಲೆಕ್ಕಕ್ಕೆ ಹಿಡಿದಿ ಬರಿ. ನನಗೆ ಗೊತ್ತು, ಎರಡು ಹಿಡಿದಿರಬೇಕು. ನೀನು ನೀಡುವುದು ಎಷ್ಟು? ನಮ್ಮವ್ವನ ಮಗಳು ನೀನು. ಸಾಕು ಅಂತ ಕೈ ಅಡ್ಡ ಹಿಡಿದರೂ ಆ ಕೈ ಮ್ಯಾಲೇ ಒಂದು ರೊಟ್ಟಿ ಇಡುವ ಪೈಕಿ.

ಕಲ್ಲಿನಾಥ


ಜೇವರ್ಗಿ
24 ಅಕ್ಟೋಬರ್ 2025

ಅಣ್ಣಾ,

ಎರಡೇ ಹಿಡದಿದ್ದೆ. ನಿನಗ ಹ್ಯಾಂಗ ಗೊತ್ತಾತು? ಆದ್ರ ನಾನರೇ ಏನು ಮಾಡ್ಲಿ? ಉಣ್ಣೋವನ ತಾಟಿನ್ಯಾಗ ಎಷ್ಟು ರೊಟ್ಟಿ ಹೋದವು ಅಂತ ಎಣಸ್ತಾರೇನು ಯಾರರೇ? ದೃಷ್ಟಿ ಆಗ್ತದ. ಅವ್ವ ನಮಗ ಎಣಸಾಕ ಬಿಟ್ಟಿದ್ದಳೇನು? ಖಾನಾವಳಿ ಮುಚ್ಚಿದ್ರೂ ಅಡ್ಡಿಯಿಲ್ಲ, ಆ ಕೆಲಸ ನಾ ಮಾಡಾಕಿ ಅಲ್ಲ. 'ಸಾಕ್ರೀ ಯಕ್ಕಾ' ಅನ್ನೋ ತನಕ ನೀಡೇ ನೀಡ್ತೇನಿ.

ಸುಂದರಬಾಯಿ


ಮಟಕಿ
1 ನವೆಂಬರ್ 2025

ತಂಗಿಗೆ,

ಉಣ್ಣುವವರ ರೊಟ್ಟಿ ಎಣಿಸಬೇಡ. ನಾನೂ ಎಣಿಸು ಅನ್ನುವವನಲ್ಲ. ಮುಂಜಾನೆ ಡಬ್ಬಿಯಾಗಿನ ಹಿಟ್ಟು ತೂಗು, ಸಂಜಿಗೆ ಉಳಿದದ್ದು ತೂಗು. ಅಕ್ಕಿ, ಬ್ಯಾಳಿ, ಎಣ್ಣಿ, ಗ್ಯಾಸು, ಎಲ್ಲ ಹಂಗೇ. ಹೋದದ್ದನ್ನು ಉಂಡ ಮಂದಿಗೆ ಭಾಗಿಸು. ಯಾವನು ಎಷ್ಟು ಉಂಡ ಅಂತ ನಿನಗೂ ಗೊತ್ತಾಗುವುದಿಲ್ಲ, ಯಾವನಿಗೂ ದೃಷ್ಟಿ ಆಗುವುದಿಲ್ಲ.

ಕಲ್ಲಿನಾಥ


ಜೇವರ್ಗಿ
1 ಡಿಸೆಂಬರ್ 2025

ಅಣ್ಣಾ,

ಎಷ್ಟು ಶಾಣ್ಯಾ ಇದ್ದೀಯೋ ನೀ! ಹದಿನೈದು ದಿನ ತೂಗಿದೆ. ತಾಟಿಗೆ ಬರೋಬ್ಬರಿ ಐವತ್ತು ಬೀಳಾಕತ್ತದ, ಉಳ್ಯೋದು ಮೂವತ್ತೇ. ಅಂದ್ರ ದಿನಕ್ಕ ಮೂವತ್ತೆರಡು ತಾಟು ಹೋಗಬೇಕಿತ್ತು. ಇಪ್ಪತ್ತೆಂಟು ಹೋಗಾಕತ್ತಿದ್ದವು. ಆ ನಾಕು ತಾಟಿನ ಕೊರತಿ ದಿನಾ ನೂರಾ ಇಪ್ಪತ್ತು ರೂಪಾಯಿ ತಿಂದು ಹಾಕಾಕತ್ತಿತ್ತು. ಕಳ್ಳ ಸಿಕ್ಕ ಅಣ್ಣಾ!

ಸಿಕ್ಕ ಕೂಡ್ಲೇ ಜಿದ್ದು ಹತ್ತಿತು. ತಹಸೀಲ ಆಫೀಸಿಗೆ ಹೋಗಿ 'ನಮ್ಮಲ್ಲಿ ಊಟ ಮಾಡ್ರಿ' ಅಂತ ನಾನೇ ಹೇಳಿ ಬಂದೆ. ತೊಗರಿ ಸುಗ್ಗಿ ಬೇರೆ, ರೋಡಿನ ತುಂಬ ಲಾರಿ. ಹೋದ ಶುಕ್ರವಾರ ಮೂವತ್ತೆರಡು ಆತು! ಮೂವತ್ತೆರಡನೇದವ ಒಬ್ಬ ಲಾರಿ ಡ್ರೈವರ್, ಅರ್ಫಾತ ಅಂತ ಹೆಸರು. ಅವ ರೊಕ್ಕ ಕೊಡಾಕ ಬಂದಾಗ ನನ್ನ ಕಣ್ಣಾಗ ನೀರು. 'ನಿನ್ನ ರೊಕ್ಕ ಬ್ಯಾಡ ತಮ್ಮಾ, ನೀ ನನ್ನ ದಂಡಿಗೆ ಮುಟ್ಟಿಸೀದಿ' ಅಂದು ಶೇಂಗಾ ಹೋಳಿಗಿ ಕೈಯಾಗಿಟ್ಟು ಕಳಿಸಿದೆ. ಅವತ್ತಿನಿಂದ ಪದ್ಧತಿ ಮಾಡೇನಿ. ದಿನಾ ಮೂವತ್ತೆರಡನೇದವಗ ಊಟ ಪುಕ್ಕಟೆ, ಮ್ಯಾಲ ಒಂದು ಹೋಳಿಗಿ. ಸಮಾಸಮ ಮಾಡಿ ಕೊಟ್ಟವನ ಹತ್ರ ರೊಕ್ಕ ತಗೋಬಾರದು ಅನಿಸ್ತು. ಹ್ಯಾಂಗದ ನನ್ನ ಪದ್ಧತಿ?

ಸುಂದರಬಾಯಿ


ಮಟಕಿ
8 ಡಿಸೆಂಬರ್ 2025

ಏ ಹುಚ್ಚಿ,

ಮೂವತ್ತೆರಡನೆಯ ತಾಟಿಗೆ ರೊಕ್ಕ ಬಂದರೆ ಸಮಾಸಮ. ಅದನ್ನೇ ಪುಕ್ಕಟೆ ಕೊಟ್ಟ ಮ್ಯಾಲೆ ಎಲ್ಲಿಯ ಸಮಾಸಮ! ಅವನ ಎಂಬತ್ತು ಹೋಯಿತು. ಅದನ್ನು ತುಂಬಲಿಕ್ಕೆ ಇನ್ನೂ ಮೂರು ಮಂದಿ ಉಣ್ಣಬೇಕು. ಹೋಳಿಗಿ ನಾನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ನಿನ್ನ ಕಾಗದ ಓದಿ ನಿಮ್ಮ ವೈನಿ ನಕ್ಕು ನಕ್ಕು ಸಾಕಾದಳು. ನಾನು ನಗಲಿಲ್ಲ.

ಕಲ್ಲಿನಾಥ


ಜೇವರ್ಗಿ
22 ಡಿಸೆಂಬರ್ 2025

ಅಣ್ಣಾ,

ನೀನೂ ನಗು, ಅಡ್ಡಿಯಿಲ್ಲ. ನಿನ್ನ ಕಾಗದ ಬರೋದರಾಗ ನನಗ ಬುದ್ಧಿ ಬಂದಿತ್ತು. ಆ ಅರ್ಫಾತ ಡ್ರೈವರ್ ಮಂದಿಗೆಲ್ಲ ಸುದ್ದಿ ಮುಟ್ಟಿಸಿಬಿಟ್ಟ. ಒಂದು ಗಂಟೆ ಆತಂದ್ರ ಹೊರಗ ಬೇವಿನ ಗಿಡದ ಕೆಳಗ ಎಂಟು ಹತ್ತು ಮಂದಿ ಬೀಡಿ ಸೇದಕೋತ ನಿಲ್ಲೋರು. 'ಎಷ್ಟನೇದು ನಡದದ್ರೀ ಯಕ್ಕಾ?' ಅಂತ ಒಬ್ಬ ಇಣುಕಿ ಕೇಳ್ತಿದ್ದ. ಇಪ್ಪತ್ತೊಂಬತ್ತು ಅಂದ್ರ ಒಬ್ಬನೂ ಒಳಗ ಬರವಲ್ಲ. ನೀ ಹೋಗು ನೀ ಹೋಗು ಅಂತ ಒಬ್ಬರನ್ನೊಬ್ಬರು ದಬ್ಬೋರು. ಮೂವತ್ತೊಂದು ಆದ ಮ್ಯಾಲ ಎಲ್ಲರೂ ಒಮ್ಮೆಲೇ ಒಳಗ ನುಗ್ಗಿ 'ನಾನೇ ಮೊದಲು' ಅಂತ ಜಗಳ! ಒಂದು ದಿನ ಇಬ್ಬರು ಕಾಲರ್ ಹಿಡಕೊಂಡ್ರು. ನಾ ಸೌಟು ತಗೊಂಡು ಹೊರಗ ಬಂದು ಅಷ್ಟೂ ಮಂದೀನ್ನ ಓಡಿಸಿದೆ.

ಪದ್ಧತಿ ನಿಂತದ. ಎಳ್ಳ ಅಮಾಸಿಗೆ ಭಜ್ಜಿ, ಸಜ್ಜಿ ರೊಟ್ಟಿ ಮಾಡಿ ಬಡಿಸಿದೆ, ಅವತ್ತು ನಲವತ್ತು ತಾಟು. ಉಳಿದ ದಿನ ಮೂವತ್ತೆರಡಕ್ಕ ಕಡಿಮಿ ಇಲ್ಲ. ಅಂದ್ರ ನಾ ಗೆದ್ದೆ. ಯುಗಾದಿ ಇನ್ನೂ ಮೂರು ತಿಂಗಳದ ಅನ್ನೋವಾಗ್ಲೇ ಗೆದ್ದೆ. ಈಗರೇ ಬಾಯಿ ಬಿಡು.

ಸುಂದರಬಾಯಿ


ಮಟಕಿ
2 ಜನವರಿ 2026

ತಂಗಿಗೆ,

ಮೊದಲನೇ ನೋಟಬುಕ್ಕಿನಾಗ ಒಂದು ಖರ್ಚು ಬಿಟ್ಟೀದಿ. ಸುಂದರಬಾಯಿ, ಪಗಾರ, ಒಂಬತ್ತು ಸಾವಿರ. ಅದನ್ನು ಬರಿ. ಇಪ್ಪತ್ತನಾಕು ಹೋಗಿ ಮೂವತ್ತಮೂರು ಸಾವಿರ ಆಗುತ್ತದೆ. ದಿನಕ್ಕೆ ನಲವತ್ತನಾಲ್ಕು ತಾಟು ಬೇಕು. ನೀನು ಇನ್ನೂ ಸಮಾಸಮ ಮುಟ್ಟಿಲ್ಲ.

ಕಲ್ಲಿನಾಥ


ಜೇವರ್ಗಿ
9 ಜನವರಿ 2026

ಕಲ್ಲಿನಾಥಪ್ಪನವರಿಗೆ,

ನಾ ದಂಡಿ ಮುಟ್ಟಿದೆ ಅನ್ನೋದರಾಗ ದಂಡೀನೇ ಎತ್ತಿ ದೂರ ಇಟ್ರ್ಯಲ್ಲ, ಶಹಬ್ಬಾಸ್! ತನ್ನ ಖಾನಾವಳ್ಯಾಗ ತನಗೇ ಪಗಾರ ತಗೊಳ್ಳೋ ಹೆಂಗಸನ್ನ ಎಲ್ಲಿ ನೋಡೀರಿ? ನಾ ಸೋತು ನಿಮ್ಮ ಮೂಲಿಗೆ ಬರಬೇಕು, ಅಷ್ಟೇ ನಿಮಗ ಬೇಕಾಗಿದ್ದು. ಇನ್ನ ಮುಂದ ಹಿಸಾಬ ಕಳಸಂಗಿಲ್ಲ.

ಸುಂದರಬಾಯಿ


ಮಟಕಿ
19 ಜನವರಿ 2026

ಪ್ರೀತಿಯ ತಂಗಿ ಸುಂದ್ರಾಗೆ,

ಸಂಕ್ರಮಣಕ್ಕೂ ನಿನ್ನ ಕಾಗದ ಬರಲಿಲ್ಲ. ಇಂದು ನಾನು ಸೊಸಾಯಿಟಿ ಭಾಷೆ ಬಿಟ್ಟು ಬರೀತೇನಿ.

ನೀ ಸೋಲಲಿ ಅಂತ ನಾ ಆ ಒಂಬತ್ತು ಸಾವಿರ ಬರದಿಲ್ಲವಾ. ಕಾಶಿಬಾಯಿಗೆ ಪಗಾರ, ಭಾಂಡೆ ತಿಕ್ಕಾಕಿಗೆ ಪಗಾರ, ಅವರಿಗಿಂತ ಮೊದಲು ಎದ್ದು ಅವರಿಗಿಂತ ಆಮ್ಯಾಲ ಮಲಗೋ ನಿನಗ ಏನೂ ಇಲ್ಲ. ಆ ಹಿಸಾಬ ನೋಡಿ ನನಗ ಸಿಟ್ಟು ಬಂತು. ನಿನ್ನ ಮ್ಯಾಲ ಅಲ್ಲ. ನಮ್ಮ ತಂಗಿ ಪುಕ್ಕಟೆ ದುಡದು, ಪುಕ್ಕಟೆ ದುಡದದ್ದಕ್ಕ ಗೆದ್ದೆ ಅನ್ನಾಕತ್ತಾಳಲ್ಲ ಅಂತ.

ಆ ಕಾಗದ ಬರದು ಮಡಚೋವಾಗ ನಿಮ್ಮ ವೈನಿ ಇಸಗೊಂಡು ಓದಿದಳು. ಆಮ್ಯಾಲ ಕೇಳಿದಳು, 'ನಲವತ್ತು ವರ್ಷದ್ದು ನಂದೆಷ್ಟಾತ್ರೀ?' ಊರ ಮಂದಿದೆಲ್ಲ ಪಗಾರ ಬರದವ ನಾ. ಆಕಿದು ಯಾವ ನೋಟಬುಕ್ಕಿನ್ಯಾಗೂ ಬರದಿರಲಿಲ್ಲ. ಹೊರಗ ಹೋಗಿ ಕಟ್ಟಿ ಮ್ಯಾಲ ಕುಂತೆ. ನಮ್ಮ ಮನ್ಯಾಗ ಅನ್ನ ಮಾರಂಗಿಲ್ಲ, ನೀಡ್ತಾರ ಅಂದಿದ್ನಲ್ಲ, ನೀಡಿದ ಕೈ ಯಾರದಿತ್ತು ಅಂತ ನಾ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ನೀ ನಲವತ್ತನಾಲ್ಕು ಮುಟ್ಟತೀದಿ. ಮುಟ್ಟದಿದ್ರೂ ಆ ಒಂಬತ್ತು ಸಾವಿರ ಅಳಸಬ್ಯಾಡ. ಅಳಸಿ ಗೆದ್ರ ನನಗ ಬ್ಯಾಡ.

ನಿನ್ನ ಅಣ್ಣ
ಕಲ್ಲಿನಾಥ


ಜೇವರ್ಗಿ
16 ಫೆಬ್ರವರಿ 2026, ಸೋಮವಾರ

ಅಣ್ಣಾ,

ನಿನ್ನ ಕಾಗದ ಓದಿ ಎರಡು ದಿನ ಒಲಿ ಮುಂದ ಕುಂತಾಗೆಲ್ಲ ಕಣ್ಣೀರು. ಹೊಗಿ ಅಂತ ಕಾಶಿಬಾಯಿಗೆ ಸುಳ್ಳು ಹೇಳಿದೆ. ಗ್ಯಾಸಿನ ಒಲಿಗೆ ಎಲ್ಲೀ ಹೊಗಿ ಯಕ್ಕಾ ಅಂದಳು.

ನಲವತ್ತನಾಲ್ಕು ಆಗಂಗಿಲ್ಲ. ಒಂದು ತಿಂಗಳು ಹೆಣಗಾಡಿದೆ, ಮೂವತ್ತಾರು ದಾಟವಲ್ದು. ಬೆಂಚೇ ಇಲ್ಲ, ಎಲ್ಲಿ ಕೂಡಸ್ಲಿ? ಯುಗಾದಿ ಎದಿ ಮ್ಯಾಲ ಬಂತು. ಆಗ ಮೊನ್ನೆ ಕುಂತು ಬ್ಯಾರೆ ರೀತಿ ಹಿಸಾಬ ಹಾಕಿದೆ. ತಾಟಿಗೆ ತೊಂಬತ್ತು ಮಾಡಿದ್ರ ಉಳ್ಯೋದು ನಲವತ್ತು. ಮೂವತ್ತಮೂರು ಸಾವಿರಕ್ಕ ತಿಂಗಳಿಗೆ ಎಂಟನೂರಾ ಇಪ್ಪತ್ತೈದು ತಾಟು. ಅಂದ್ರ ದಿನಕ್ಕ ಮೂವತ್ತಮೂರೇ! ಮೂರು ಸಲ ಹಾಕಿದೆ, ಮೂರೂ ಸಲ ಅಷ್ಟೇ ಬಂತು. ಹತ್ತೇ ರೂಪಾಯಿಗೆ ಹನ್ನೊಂದು ತಾಟು ಇಳೀತಾವ ಅಂತ ನನಗ ನಂಬಿಕೀನೇ ಬರಲಿಲ್ಲ. ಬರೋಬ್ಬರಿ ಅದ ಏನು?

ಆದ್ರ ಅಂಜಿಕಿ ಅದ. ಹತ್ತು ಏರಿಸಿದ್ರ ಮಂದಿ ಬಾಜೂ ಖಾನಾವಳಿಗೆ ಹೋದ್ರ? ರೊಟ್ಟಿ ಎಣಿಸಿ ಕೊಟ್ರ ಎಂಬತ್ತಕ್ಕೇ ನಡೀತದ ಅಂತ ಕಾಶಿಬಾಯಿ ಅಂದಳು. ಒಲ್ಲೆ ಅಂದೆ. ನೀಡೋದು ಕಡಿಮಿ ಮಾಡಂಗಿಲ್ಲ, ಬೆಲಿ ಏರಿಸ್ತೇನಿ, ಬಂದವರು ಬರ್ಲಿ. ಶಿವರಾತ್ರಿ ಆತು, ನಾಳಿಗೆ ಬೋರ್ಡ್ ಬದಲಿ. ನಾಳಿಯಿಂದ ಯುಗಾದಿ ಅಮಾಸಿ ಹಿಂದಿನ ದಿನದ ತನಕ ಸೋಮವಾರ ಬಿಟ್ಟು ಹುಣ್ಣಿವಿಗೂ ತಗದ್ರ ಬರೋಬ್ಬರಿ ಇಪ್ಪತ್ತೈದು ದಿನ ಸಿಗ್ತಾವ. ಅಷ್ಟರಾಗ ಎಂಟನೂರಾ ಇಪ್ಪತ್ತೈದು ಆದ್ರ ಜೇವರ್ಗಿ, ಇಲ್ಲಂದ್ರ ಮಟಕಿ.

ನಿನ್ನ ತಂಗಿ
ಸುಂದ್ರಾ


ಮಟಕಿ
24 ಫೆಬ್ರವರಿ 2026

ಸುಂದ್ರಾ,

ಹಿಸಾಬ ಬರೋಬ್ಬರಿ ಅದ. ಇದನ್ನ ನಾ ನಿನಗ ಹೇಳಿಕೊಟ್ಟಿರಲಿಲ್ಲ. ನೀನೇ ಹಾಕೀದಿ. ನಾಕನೇ ಇಯತ್ತೆಗೆ ಸಾಲಿ ಬಿಡಿಸಿದ ಹುಡುಗಿ ನೀ. ಬಿಡಿಸಾಕ ಅಪ್ಪನ ಕೂಡ ನಾನೂ ಹೂಂ ಅಂದಿದ್ದೆ.

ನಿನ್ನ ಕಾಗದ ಆಳಂದಕ್ಕ ಒಯ್ದು ಸೊಸಾಯಿಟಿಯ ಹಳೇ ಗೆಳೆಯರಿಗೆಲ್ಲ ತೋರಿಸಿದೆ. ಯಾರು ಹಾಕಿದ ಹಿಸಾಬ ಅಂತ ಕೇಳಿದ್ರು. ಹೇಳಲಿಲ್ಲ. ಹೇಳಬೇಕಿತ್ತು.

ಕಲ್ಲಿನಾಥ


ಜೇವರ್ಗಿ
18 ಮಾರ್ಚ್ 2026

ಮಾಣಿಕಮ್ಮ ವೈನಿಯವರಿಗೆ ಸುಂದರಬಾಯಿಯ ಶರಣಾರ್ಥಿ.

ನಿಮ್ಮ ಯಜಮಾನರು ನಿನ್ನೆ ಸಂಜಿಗೆ ಮನಿ ಮುಟ್ಟಿದ ಮ್ಯಾಲ ಏನು ಹೇಳ್ಯಾರೋ ಗೊತ್ತಿಲ್ಲ. ಏನೂ ಹೇಳಿರಂಗಿಲ್ಲ. ಅದಕ್ಕ ಖರೇ ಏನಾತು ಅನ್ನೋದು ನಾ ನಿಮಗ ಬರ್ಯಾಕತ್ತೇನಿ.

ಬೆಲಿ ಏರಿಸಿದ ಮೊದಲನೇ ವಾರ ಇಪ್ಪತ್ತಾರು, ಇಪ್ಪತ್ತೇಳು. ನಾ ಗಂಟು ಮೂಟಿ ಕಟ್ಟೋದೊಂದು ಬಾಕಿ ಇತ್ತು. ಎರಡನೇ ವಾರ ಹೋದವರು ಒಬ್ಬೊಬ್ಬರೇ ಹೊಳ್ಳಿ ಬಂದ್ರು. 'ಅಲ್ಲಿ ಮೂರನೇ ರೊಟ್ಟಿಗೆ ರೊಕ್ಕ ಕೇಳ್ತಾರ್ರೀ ಯಕ್ಕಾ' ಅಂದ್ರು. ಆಮ್ಯಾಲ ಮೂವತ್ತೈದು, ಮೂವತ್ತಾರು, ಎರಡು ಬೆಂಚು ಹೆಚ್ಚಿಗೆ ತಂದ ಮ್ಯಾಲ ನಲವತ್ತೊಂದು. ರವಿವಾರಕ್ಕ ಎಂಟನೂರಾ ಇಪ್ಪತ್ತೊಂದು ಆಗಿತ್ತು. ಸೋಮವಾರ ಬಂದ್. ಮಂಗಳವಾರ ಕಡೀ ದಿನ, ಹನ್ನೆರಡೂವರಿಗೆ ನಾಕನೇ ತಾಟು ಹೋತು, ಎಂಟನೂರಾ ಇಪ್ಪತ್ತೈದು ಆತು. ಉಂಡವ ಕೋರ್ಟಿನ ಜವಾನ, ಅವಗ ಏನೂ ಗೊತ್ತಿಲ್ಲ ಪಾಪ. ಕಾಶಿಬಾಯಿ ಹಿಟ್ಟಿನ ಕೈಲೇ ಬಂದು ನನ್ನ ತೆಕ್ಕಿ ಬಡದಳು. ಅವನ ಹತ್ರ ತೊಂಬತ್ತೂ ಇಸಗೊಂಡೆ ವೈನಿ! ಪುಕ್ಕಟೆ ಬಿಡಲಿಲ್ಲ. ಆಗಿಂದಾಗ ನೋಟಬುಕ್ ತಗದು 'ಸುಂದರಬಾಯಿ, ಪಗಾರ, ಒಂಬತ್ತು ಸಾವಿರ, ಮುಟ್ಟಿತು' ಅಂತ ಬರದು ಸಹಿ ಮಾಡಿದೆ. ಐವತ್ತನಾಕು ವರ್ಷಕ್ಕ ನನ್ನ ಮೊದಲನೇ ಪಗಾರ.

ಎರಡೂವರಿ ಸುಮಾರಿಗೆ ತಲಿ ಎತ್ತಿ ನೋಡಿದ್ರ ಮೂಲಿ ಬೆಂಚಿನ ಮ್ಯಾಲ ಬಿಳೀ ಟೊಪಿಗಿ. ಅಣ್ಣ! ಒಂದು ಮಾತಿಲ್ಲ, ಕತಿ ಇಲ್ಲ. ಎಲ್ಲರಂಗ ಕೈ ತೊಳಕೊಂಡು ಬಂದು ಕುಂತಿದ್ದ. ನಾನೂ ಮಾತಾಡಲಿಲ್ಲ, ನೀಡಿದೆ. ಅವ ಬೆರಳು ತೋರಿಸ್ತಿದ್ದ, ನಾ ಬಡಸ್ತಿದ್ದೆ. ಎಣಸಬಾರದು, ಆದ್ರೂ ಎಣಿಸಿದೆ. ಐದು ರೊಟ್ಟಿ ಉಂಡ. ಮನ್ಯಾಗ ಎರಡೇ ಉಣ್ತಾನ ಅಂತ ನೀವು ಹೇಳಿದ್ರಿ.

ಉಂಡು ಗಲ್ಲಾದ ಹತ್ರ ಬಂದು ನೂರರ ನೋಟು ಚಾಚಿದ. ನಾ ಕೈ ಹಿಂದ ಕಟ್ಟಿಕೊಂಡೆ. ತವರುಮನಿ ಅಣ್ಣ ಉಂಡದ್ದಕ್ಕ ಯಾವ ತಂಗಿ ರೊಕ್ಕ ಇಸಗೋತಾಳ? ಅವ ಕೈ ಹಿಂದಕ್ಕ ತಗೀಲಿಲ್ಲ. ಹಿಂದ ನಾಕು ಮಂದಿ ನಿಂತಾರ, ಇವ ಅಲುಗವಲ್ಲ. ಅನ್ನ ಮಾರಂಗಿಲ್ಲ ಅಂದವ ಕೊಳ್ಳಾಕ ಬಂದಾನ, ನಾ ಒಲ್ಲೆ ಅಂದ್ರ ಈ ಖಾನಾವಳಿ ಯಾವುದಕ್ಕ ತಗದೆ ಅನಿಸ್ತು. ಇಸಗೊಂಡೆ. ಗಲ್ಲಾದಾಗ ಹಾಕಿದೆ.

ಅವ ಹೋಗಲಿಲ್ಲ. ಅಲ್ಲೇ ನಿಂತ. ಈಗ ಅಳ್ತಾನ, ಇಲ್ಲಾ ತಲಿ ಮ್ಯಾಲ ಕೈ ಇಡ್ತಾನ ಅನಕೊಂಡೆ. ಒಮ್ಮೆ ಕೆಮ್ಮಿದ. ಏಳೂವರಿ ತಿಂಗಳ ಮ್ಯಾಲ ಬಾಯಿ ಬಿಟ್ಟ ನೋಡ್ರಿ ವೈನಿ.

'ಹತ್ತು ರೂಪಾಯಿ ವಾಪಸ್ ಕೊಡವಾ' ಅಂದ.

ನಾ ನಗಬೇಕೋ ಅಳಬೇಕೋ ತಿಳೀದೇ ಎರಡೂ ಮಾಡಿದೆ. ಹತ್ತರ ನೋಟು ಕೊಟ್ಟೆ. ಅದನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ ಕಿಸೆದಾಗ ಇಟ್ಕೊಂಡ. ಆಮ್ಯಾಲ ಹಿಂದ ನಿಂತವರ ಕಡೆ ಹೊಳ್ಳಿ, ಅವರು ಕೇಳದೇ ಇದ್ರೂ, ರೋಡಿಗೆ ಕೇಳೋ ಅಷ್ಟು ದೊಡ್ಡ ದನಿಲೇ ಅಂದ:

'ನಮ್ಮ ತಂಗೀದ್ರೀ ಈ ಖಾನಾವಳಿ.'

ನಿಮ್ಮ
ಸುಂದರಬಾಯಿ